ಬೇರುಗಂಟಿನ ಹುಳುವಿಗೆ ಜಗ್ಗದ ಗಿಡ



ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಮಸಾರಿ ಹೊಲದಲ್ಲಿ ಪೇರಲ ಹಚ್ಚಬೇಕೆಂದು ಮನಸ್ಸು ಮಾಡಿರುವವರು ಸಸಿ ಕೊಳ್ಳುವ ಮುಂಚೆ ಈ ನಾಲ್ಕು ಮಾತು ಕೇಳಿರಿ.

ನೀರು ಕೊಟ್ಟರೂ ಮಧ್ಯಾಹ್ನ ಗಿಡ ಬಾಡುತ್ತದೆ, ಎಲೆ ಹಳದಿಗೆ ತಿರುಗುತ್ತದೆ, ಕಾಯಿ ದಪ್ಪಾಗುವುದಿಲ್ಲ. ಗೊಬ್ಬರ ಸಾಲದೆಂದು ನೀವು ಮತ್ತೊಂದು ಬುಟ್ಟಿ ಹಾಕುತ್ತೀರಿ. ಒಮ್ಮೆ ಬುಡ ಕೆದರಿ ಎಳೆಬೇರು ನೋಡ್ರಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಜಂತುಹುಳುವಿನ ಕೆಲಸ. ‘ಶೇಂಗಾದ ಬೇರಿನಲ್ಲೂ ಗಂಟು ಇರ್ತಾವಲ್ಲ’ ಅಂತೀರಿ. ಅವು ಬೇರಿಗೆ ಅಂಟಿಕೊಂಡಿರುತ್ತವೆ, ತಿಕ್ಕಿದರೆ ಉದುರುತ್ತವೆ, ಬೆಳೆಗೆ ಮಿತ್ರರು. ಇಲ್ಲಿ ಬೇರೇ ಬಾತಿರುತ್ತದೆ, ತಿಕ್ಕಿದರೆ ಹೋಗದು.

ಕಣ್ಣಿಗೆ ಕಾಣದ ಮರಿಹುಳು ಬೇರಿನೊಳಗೆ ಹೊಕ್ಕು, ಸುತ್ತಲಿನ ಜೀವಕೋಶಗಳನ್ನು ಉಬ್ಬಿಸಿ ಅದನ್ನೇ ತನ್ನ ಉಗ್ರಾಣ ಮಾಡಿಕೊಳ್ಳುತ್ತದೆ. ನಿರೋಧಕ ಗಿಡದಲ್ಲಾದರೋ ಹುಳು ಬಾಯಿ ಹಾಕಿದಲ್ಲಿ ಕೋಶಗಳು ತಾವೇ ಸಾಯುತ್ತವೆ. ಹುಳು ಉಪವಾಸ ಬೀಳುತ್ತದೆ. ಈ ಗುಣ ವಂಶದಿಂದ ಬರುವಂಥದು, ಔಷಧದಿಂದಲ್ಲ.

ಹಣ್ಣಿನ ಮರಕ್ಕೆ ಇದನ್ನು ಅಡಿಗಿಡದ ಮೂಲಕ ತರುತ್ತಾರೆ. ಬೇರು ಒಂದರದು, ಹಣ್ಣು ಇನ್ನೊಂದರದು. ಅಮೆರಿಕದಲ್ಲಿ ಪೀಚ್ ಹಣ್ಣಿಗೆ ೧೯೫೯ರಲ್ಲಿಯೇ ‘ನೆಮಾಗಾರ್ಡ್’ ಎಂಬ ಅಡಿಗಿಡ ಬಂದಿತು. ನಮ್ಮ ಪೇರಲದ ಮಾತು ಅಷ್ಟು ಸುಲಭವಲ್ಲ. ಪೇರಲವನ್ನು ಕಾಡುವ ‘ಎಂಟೆರೊಲೋಬಿ’ ಜಾತಿಯ ಹುಳುವನ್ನು ೧೯೮೩ರಲ್ಲಿ ಚೀನಾದ ಹೈನಾನ್ ದ್ವೀಪದ ಮಾದರಿಯಿಂದ ಗುರುತಿಸಿದರು. ೨೦೧೬ರಲ್ಲಿ ತಮಿಳುನಾಡಿನ ಪೇರಲ ತೋಟಗಳಿಂದ ವರದಿಯಾಯಿತು. ಬೇರೆ ಜಂತುಹುಳುಗಳನ್ನು ತಡೆಯುವ ಟೊಮೆಟೊ ತಳಿಗಳನ್ನೂ ಇದು ಬಿಡುವುದಿಲ್ಲ. ಪೇರಲದ ದಾಯಾದಿ ಸ್ಟ್ರಾಬೆರಿ ಪೇರಲಕ್ಕೆ ತಡೆಯುವ ಶಕ್ತಿಯಿದೆ. ಆದರೆ ಅದರ ಮೇಲೆ ನಮ್ಮ ಪೇರಲದ ಕಸಿ ಕೂಡಿಕೊಳ್ಳುವುದೇ ಕಷ್ಟ.

ಆದ್ದರಿಂದ ‘ಹುಳ ಹತ್ತದ ಪೇರಲ’ ಎಂದು ಯಾರಾದರೂ ಹೆಚ್ಚಿನ ದರ ಹೇಳಿದರೆ, ಅಡಿಗಿಡ ಯಾವುದು, ಎಲ್ಲಿ ಪರೀಕ್ಷೆಯಾಗಿದೆ ಎಂದು ಕೇಳಿರಿ. ಉತ್ತರ ತೊದಲಿದರೆ ದುಡ್ಡು ಗಂಟಿನಲ್ಲೇ ಇರಲಿ. ಅಲಹಾಬಾದ್ ಸಫೇದ, ಲಖನೌ-೪೯ ಎಷ್ಟೇ ಹೆಸರಾಂತ ತಳಿಗಳಾದರೂ ಈ ಹುಳುವಿಗೆ ಬಾಗುವಂಥವೇ.

ಸಸಿ ಬಂದಾಗ ಎರಡು-ಮೂರು ಚೀಲ ಹರಿದು, ಬೇರನ್ನು ಬಕೇಟಿನ ನೀರಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿರಿ. ಎರಡು ಸಸಿ ಕೆಟ್ಟರೆ ಕೆಡಲಿ. ಒಂದು ಗಂಟು ಕಂಡರೂ ಇಡೀ ಲೋಡು ತಿರುಗಿಸಿ ಕಳಿಸಿರಿ. ಒಮ್ಮೆ ಹೊಲ ಹೊಕ್ಕ ಹುಳು ಗಿಡ ಕಿತ್ತರೂ ಹೋಗದು. ಗುಣಿಗೆ ಬೇವಿನ ಹಿಂಡಿ ಹಾಕಿರಿ. ಸಾಲಿನ ನಡುವೆ ಬದನಿ, ಟೊಮೆಟೊ, ಬೆಂಡಿ ಬೇಡ, ಅವೂ ಇದೇ ಹುಳುವಿನ ತವರು. ಚೆಂಡುಹೂವಾದರೆ ಒಳ್ಳೆಯದು, ಹಬ್ಬಕ್ಕೆ ನಾಲ್ಕು ಕಾಸೂ ಬರುತ್ತದೆ.

ಈಗಾಗಲೇ ತೋಟವಿದ್ದು ಸಂಶಯವಿದ್ದವರು ಬುಡದ ಮಣ್ಣನ್ನೂ ಎಳೆಬೇರನ್ನೂ ಒಣಗಲು ಬಿಡದೆ ಚೀಲದಲ್ಲಿ ಕಟ್ಟಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ.