ಬೇಸಗೆಯ ರಜೆಯೂ ಕೆರೆಯ ನೀರೂ



ಬಿಸಿಲು ಬಲಿತು ಶಾಲೆಗಳ ಬಾಗಿಲು ಮುಚ್ಚಿದೊಡನೆ, ಬೆಂಗಳೂರು ಮೈಸೂರುಗಳಲ್ಲಿ ನೆಲಸಿರುವ ನಾವು ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹುವುದು ವಾಡಿಕೆ. ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು, ತೆಂಗಿನ ತೋಟಗಳ ನಡುವಣ ಊರುಗಳಿಗೋ, ಹಳೇಬೀಡು ಬೇಲೂರುಗಳ ಕಡೆಗೋ ಹೊರಟ ಮಕ್ಕಳ ಉತ್ಸಾಹಕ್ಕೆ ಎಣೆಯುಂಟೆ? ಅದಕ್ಕೆ ಭಂಗ ತರುವುದು ನಮ್ಮ ಉದ್ದೇಶವಲ್ಲ. ಆದರೆ ಈಜಲು ಹೋದ ಬಾಲಕರು ಹಿಂದಿರುಗಲಿಲ್ಲವೆಂಬ ವಾರ್ತೆಯನ್ನು ಪ್ರತಿ ಬೇಸಗೆಯಲ್ಲಿಯೂ ಓದಿ, ನಿಟ್ಟುಸಿರುಬಿಟ್ಟು ಸುಮ್ಮನಾಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ಅಭ್ಯಾಸವನ್ನು ಬಿಡಬೇಕೆಂಬುದೇ ಈ ಹೊತ್ತಿನ ಮಾತು.

ಈ ಸೀಮೆಯು ಕೆರೆಗಳ ಸೀಮೆ. ಅರಸಿಯ ಕೆರೆಯೇ ಅರಸೀಕೆರೆಗೆ ಹೆಸರಾಯಿತು. ಹಳೇಬೀಡಿನ ಪೂರ್ವನಾಮವಾದ ದ್ವಾರಸಮುದ್ರದಲ್ಲಿಯೂ ನೀರಿನ ನೆನಪೇ ಉಳಿದಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿ ಕೊಳವುಂಟು. ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯುಂಟು. ಆ ಹಳೆಯ ಕೊಳಗಳಲ್ಲಿ ಪಾಚಿಯ ಮೇಲೆ ಜಾರಿದವನಿಗೆ ಹಿಡಿಯಲು ಒಂದು ಮೆಟ್ಟಿಲಾದರೂ ಸಿಕ್ಕೀತು. ನಮ್ಮ ಕಾಲದ ಕೃಷಿಹೊಂಡಗಳಲ್ಲಿ ಅದೂ ಇಲ್ಲ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನೆರವಿನಿಂದ ಒಣಸೀಮೆಯ ಹೊಲಗಳಲ್ಲಿ ತೋಡಿದ ಈ ಹೊಂಡಗಳು ಪೈರಿಗೆ ಜೀವದಾನ ಮಾಡಿರುವುದು ನಿಜ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರು ದಡವು ಒದ್ದೆಯಾದಾಗ ದೊಡ್ಡವರಿಗೂ ಹತ್ತಿಬರಲು ಅಸಾಧ್ಯವಾಗುವುದುಂಟು, ಮಕ್ಕಳ ಪಾಡೇನು?

ಬೇಸಗೆಯ ಕೆರೆಯೂ ಮೋಸಗಾರನೇ. ನೀರು ತಗ್ಗಿದೆಯೆಂದು ಹಿರಿಯರು ನಿಶ್ಚಿಂತರಾಗುವರು. ಆದರೆ ಹೂಳನ್ನೂ ಮಣ್ಣನ್ನೂ ತೆಗೆದ ಗುಂಡಿಗಳು ಕದಡಿದ ನೀರಿನ ಕೆಳಗೆ ಅಡಗಿರುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿದ್ದ ಹುಡುಗನು ಒಂದು ಹೆಜ್ಜೆ ಮುಂದಿಟ್ಟರೆ ಆಳುದ್ದದ ನೀರು. ಊರಿನ ಹುಡುಗರು ಈ ಗುಂಡಿಗಳನ್ನು ಬಲ್ಲರು. ಪಟ್ಟಣದಿಂದ ಹೋದ ನಮ್ಮ ಮಕ್ಕಳು ಅರಿಯರು.

ಮುಳುಗುವವನು ಕೂಗಿಕೊಳ್ಳುವನೆಂದು ನಾವು ನಂಬಿದ್ದೇವೆ. ಉಸಿರಾಡುವುದಕ್ಕೇ ಎಡೆಯಿಲ್ಲದವನಿಗೆ ಕೂಗಲು ಉಸಿರೆಲ್ಲಿಯದು? ಬಹುಪಾಲು ಈ ಮರಣವು ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಬರುವುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಹೀಗೆ ಸತ್ತರೆಂದೂ, ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ 5 ವರ್ಷದೊಳಗಿನ ಕೂಸುಗಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಹಾಗಾದರೆ ಮಾಡಬೇಕಾದುದೇನು? “ನೀರಿನ ಹತ್ತಿರ ಹೋಗಬೇಡ” ಎಂಬ ಗದರಿಕೆಯೊಂದೇ ಸಾಲದು. ಗದರಿಕೆಗೆ ಅಂಜಿದ ಹುಡುಗನು ಹೇಳದೆ ಹೋಗುವನು. ಮೊದಲನೆಯದಾಗಿ, ಮಕ್ಕಳು ನೀರಿಗಿಳಿದಾಗ ಈಜುಬಲ್ಲ ಹಿರಿಯರೊಬ್ಬರು, ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ದಡದಲ್ಲಿ ಕಾವಲಿರಬೇಕು. ಅಣ್ಣನ ವಶಕ್ಕೆ ತಮ್ಮನನ್ನು ಒಪ್ಪಿಸುವುದು ಕಾವಲಲ್ಲ. ಎರಡನೆಯದಾಗಿ, ಸೋರೆಬುರುಡೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ನಮ್ಮ ಹಿರಿಯರ ಜಾಣತನವನ್ನು ನಾವು ಬಿಡಬಾರದು. ಊರಿಗೆ ಕಳುಹುವ ಮುನ್ನವೇ ಪಟ್ಟಣದ ಈಜುಕೊಳದಲ್ಲಾದರೂ ಕಲಿಸೋಣ. ಮೂರನೆಯದಾಗಿ, ಹೊಂಡಕ್ಕೆ ಬೇಲಿಯಿರಲಿ. ದಡದ ಗೂಟಕ್ಕೆ ಬಿಗಿದ ಹಗ್ಗವೊಂದು ನೀರಿನವರೆಗೆ ಇಳಿಬಿದ್ದಿರಲಿ.

ಯಾರಾದರೂ ಮುಳುಗುತ್ತಿದ್ದರೆ ಈಜುಬಾರದವರು ನೀರಿಗೆ ಧುಮುಕಲಾಗದು. ಒಬ್ಬನನ್ನುಳಿಸಹೋಗಿ ಇಬ್ಬರು ಮೂವರು ಹೋದ ಮನೆಗಳುಂಟು. ಹಗ್ಗ, ಗಳು, ಪಂಚೆಗಳಲ್ಲಿ ಸಿಕ್ಕಿದ್ದನ್ನು ಚಾಚಬೇಕು, ಖಾಲಿ ಕೊಡವನ್ನೋ ಸಿಪ್ಪೆಸಹಿತ ಒಣಗಿದ ತೆಂಗಿನಕಾಯಿಗಳನ್ನೋ ಎಸೆಯಬೇಕು, ಅವು ತೇಲುವುವು. ಮೇಲೆತ್ತಿದ ಮಗುವನ್ನು ತಲೆಯ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆಯನ್ನೊತ್ತಿ ನೀರು ಕಕ್ಕಿಸುವುದು ತಪ್ಪು; ಅಮೂಲ್ಯವಾದ ನಿಮಿಷಗಳು ಅದರಲ್ಲಿಯೇ ಕಳೆಯುವುವು. ಉಸಿರಿಲ್ಲವಾದರೆ ಒಡನೆಯೇ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರೂದಬೇಕು. ಬಳಿಕ ಎದೆಯ ನಡುವೆ ಒತ್ತುತ್ತ, ನಡುನಡುವೆ ಉಸಿರೂದುತ್ತ ಇರಬೇಕು. ಜೊತೆಗಿರುವವರು 108ಕ್ಕೆ ಕರೆಮಾಡಬೇಕು.

ಕೆರೆ ಕಟ್ಟಿಸುವುದನ್ನು ಪುಣ್ಯವೆಂದ ನಾಡು ನಮ್ಮದು. ಆ ಕೆರೆಯಿಂದ ಮಕ್ಕಳು ಸುಖವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದೂ ಅದರ ಅರ್ಧ ಪುಣ್ಯವೆಂದು ಭಾವಿಸೋಣ. ರಜೆ ಮುಗಿದು ರೈಲು ಹತ್ತುವ ದಿನ, ಹೋದಷ್ಟು ಮಕ್ಕಳೂ ಹಿಂದಿರುಗಿದರೆ ಅದಕ್ಕಿಂತ ದೊಡ್ಡ ಹಬ್ಬವೇನಿದೆ?