ದಂಡು ನಡೆಸುವವನ ಬಿರುದು



ಸ್ಲಾವ್ ಭಾಷೆಗಳಲ್ಲಿ ‘ವೊಯೆವೊದ’ ಎಂಬ ಹಳೆಯ ಪದವಿಯೊಂದಿದೆ. ಯೋಧರನ್ನು ಮುನ್ನಡೆಸುವವನು ಎಂಬುದು ಅದರ ಮೂಲಾರ್ಥ. ಕನ್ನಡದ ‘ದಂಡನಾಯಕ’ನಿಗೆ ಹತ್ತಿರದ ಮಾತು. ಹತ್ತನೆಯ ಶತಮಾನದಲ್ಲಿ ಬೈಜಾಂಟಿಯಂನ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ಹಂಗೇರಿಯನ್ನರ ಮುಖಂಡರನ್ನೂ ಇದೇ ಪದದ ಗ್ರೀಕ್ ರೂಪದಿಂದ ಕರೆದಿದ್ದಾನೆ. ಅಷ್ಟರಲ್ಲಾಗಲೇ ಪದವು ಸ್ಲಾವರ ಗಡಿ ದಾಟಿತ್ತು.

ದಂಡು ನಡೆಸಿದವನು ಕ್ರಮೇಣ ನಾಡನ್ನೂ ಆಳತೊಡಗಿದ. ವಲ್ಲಾಕಿಯಾ, ಮೊಲ್ದಾವಿಯಾಗಳಲ್ಲಿ ಅದು ದೊರೆಯ ಬಿರುದೇ ಆಯಿತು. ‘ಡ್ರಾಕುಲಾ’ ಎಂದು ಲೋಕ ಬಲ್ಲ ಮೂರನೆಯ ವ್ಲಾದ್ ಅಂಥ ಒಬ್ಬ ವೊಯೆವೊದ. 17ನೆಯ ಶತಮಾನದ ರಷ್ಯಾದಲ್ಲಿ ಪಟ್ಟಣದ ಪಡೆ, ತೆರಿಗೆ, ನ್ಯಾಯ ಮೂರೂ ವೊಯೆವೊದನ ಕೈಯಲ್ಲಿದ್ದವು. ಅಧಿಕಾರಿಯನ್ನು ಊರಿನವರೇ ಸಾಕುವ ಪದ್ಧತಿ ಅದಕ್ಕೂ ಮೊದಲೇ ಕಾಗದದ ಮೇಲೆ ರದ್ದಾಗಿತ್ತು. ಆದರೂ ಜನ ಕಾಣಿಕೆ ಹೊತ್ತು ಅವನ ಬಾಗಿಲಿಗೆ ಹೋಗುವುದು ತಪ್ಪಲಿಲ್ಲ. ಎರಡನೆಯ ಕ್ಯಾಥರೀನಳ 1775ರ ಸುಧಾರಣೆಯೊಂದಿಗೆ ಆ ಹುದ್ದೆ ಮರೆಯಾಯಿತು.

ಪೋಲೆಂಡಿನಲ್ಲಿ ವೊಯೆವೊದ ಕತ್ತಿ ಇಳಿಸಿ ಕಡತ ಹಿಡಿದಿದ್ದಾನೆ. 1999ರಿಂದ ಅಲ್ಲಿ 16 ಪ್ರಾಂತ್ಯಗಳಿವೆ. ಪ್ರಧಾನಿಯಿಂದ ನೇಮಕಗೊಂಡ ವೊಯೆವೊದ ಒಂದು ಕಡೆ, ಜನ ಆರಿಸಿದ ಪ್ರಾಂತೀಯ ಸಭೆ ಇನ್ನೊಂದು ಕಡೆ.

ಸರ್ಬಿಯನ್ನರ ಕಥೆ ಬೇರೆ. 1848ರಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಸರ್ಬರು ತಮ್ಮದೇ ವೊಯ್ವೊದನನ್ನೂ ಅವನ ನಾಡಾದ ‘ವೊಯ್ವೊದಿನಾ’ವನ್ನೂ ಘೋಷಿಸಿಕೊಂಡರು. ಅಲ್ಪಸಂಖ್ಯಾತ ಜನರ ಸ್ವಾಯತ್ತತೆಯ ಕನಸು ಆ ಪದದಲ್ಲಿತ್ತು. ಮರುವರ್ಷ ಚಕ್ರವರ್ತಿ ಪ್ರಾಂತ್ಯವನ್ನೇನೋ ರಚಿಸಿದ; ‘ಮಹಾ ವೊಯ್ವೊದ’ ಎಂಬ ಬಿರುದನ್ನು ಮಾತ್ರ ತಾನೇ ಇಟ್ಟುಕೊಂಡ.

1989ರಲ್ಲಿ ಅದೇ ಬಿರುದು ಅಮೆರಿಕದಿಂದ ಮರಳಿತು. ಎರಡನೆಯ ಮಹಾಯುದ್ಧದ ಚೆಟ್ನಿಕ್ ನಾಯಕ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಮೊಮ್ಚಿಲೊ ಜುಯಿಚ್, ರಾಷ್ಟ್ರವಾದಿ ರಾಜಕಾರಣಿ ವೊಯಿಸ್ಲಾವ್ ಶೆಶೆಲ್‌ನನ್ನು ವೊಯ್ವೊದ ಎಂದು ಘೋಷಿಸಿದ. ಮೂರು ವರ್ಷಗಳ ನಂತರ, 1992ರ ಮೇ 6ರಂದು, ವೊಯ್ವೊದಿನಾದ ಹ್ರ್ತ್ಕೊವ್ಸಿ ಎಂಬ ಹಳ್ಳಿಯಲ್ಲಿ ನಿಂತು ಶೆಶೆಲ್ ಕ್ರೊಯೇಷಿಯನ್ನರನ್ನು ಹೊರಗಟ್ಟಲು ಕರೆ ಕೊಟ್ಟ. ತಲೆಮಾರುಗಳಿಂದ ಬಾಳಿದ ಕುಟುಂಬಗಳು ಮನೆ ತೊರೆದವು. ಆ ಭಾಷಣಕ್ಕಾಗಿ 2018ರಲ್ಲಿ ಅಂತರರಾಷ್ಟ್ರೀಯ ನ್ಯಾಯಪೀಠ ಮೇಲ್ಮನವಿಯಲ್ಲಿ ಅವನನ್ನು ಮಾನವತೆಯ ವಿರುದ್ಧದ ಅಪರಾಧಿ ಎಂದು ಸಾರಿತು. ಅದಕ್ಕೂ ಮೊದಲೇ ಜುಯಿಚ್ ಕೊಟ್ಟ ಬಿರುದನ್ನು ಹಿಂಪಡೆದಿದ್ದ.

ಬಿರುದನ್ನು ಹಿಂಪಡೆಯಬಹುದು, ಊರು ಬಿಟ್ಟವರಿಗೆ ಹಿಂದಿನ ಊರು ಸಿಗುವುದಿಲ್ಲ. ಕೊಟ್ಟವನು ಕಡಲಾಚೆ ನೆಮ್ಮದಿಯಲ್ಲಿದ್ದ. ಬೆಲೆ ತೆತ್ತವರು ಆ ಹಳ್ಳಿಯವರು. ತಾಯ್ನಾಡಿನ ಪ್ರೀತಿಯಿಂದ ದೂರದಲ್ಲಿದ್ದೇ ಅಲ್ಲಿನ ನಾಯಕರಿಗೆ ಪಟ್ಟ ಕಟ್ಟುವ ಎಲ್ಲ ವಲಸಿಗರೂ ನೆನಪಿಡಬೇಕಾದ ಲೆಕ್ಕವಿದು.