ಹಳೆಯ ಮಾಡೆಲ್ ಸಾಲದೇ?

2024ರ ಸೆಪ್ಟೆಂಬರಿನಲ್ಲಿ ಐಫೋನ್ 16 ನಮ್ಮ ದೇಶದಲ್ಲಿ 79,900 ರೂಪಾಯಿಗೆ ಬಂತು. ಅಲ್ಲಿಯವರೆಗೆ ಹೆಚ್ಚುಕಡಿಮೆ ಅಷ್ಟೇ ಬೆಲೆಯಿದ್ದ ಐಫೋನ್ 15, ಬೆನ್ನಿಗೇ 69,900ಕ್ಕೆ ಇಳಿಯಿತು. ಅದೂ ನಮ್ಮಲ್ಲಿ ಹೆಚ್ಚಿನವರಿಗೆ ದುಬಾರಿಯೇ. ಆದರೆ ಈ ಲೆಕ್ಕ ಎಲ್ಲ ಫೋನಿಗೂ ಸಲ್ಲುತ್ತದೆ. ಎರಡರ ಪರದೆಯೂ 6.1 ಇಂಚು, ಚಾರ್ಜರಿನ ಪಿನ್ನೂ ಒಂದೇ. ಕರೆ, ವಾಟ್ಸಾಪ್, ನಮಾಝಿನ ಸಮಯ, ಮಕ್ಕಳ ಪಾಠ ಎಲ್ಲವೂ ಎರಡರಲ್ಲೂ ನಡೆಯುತ್ತದೆ. ಹೊಸದರ ಚಿಪ್‌ಗೆ ವೇಗ ಹೆಚ್ಚು, ನಿಜ. ಆ ವೇಗ ಬೇಕೆಂದು ಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಮದುವೆ ಹಾಲ್‌ನಲ್ಲಿ ನಾಲ್ಕು ಜನ ನೋಡಲೆಂದು ಕೊಳ್ಳುತ್ತೇವೆ. ಕೈಯಲ್ಲಿ ಹಣವಿಲ್ಲದಿದ್ದರೆ ಬಡ್ಡಿಯ ಕಂತಿಗೂ ಸಹಿ ಹಾಕುತ್ತೇವೆ. ಇಸ್ರಾಫ್ ಒಂದು, ಅದರ ಮೇಲೆ ಬಡ್ಡಿಯ ಪಾಪ ಇನ್ನೊಂದು. ಮಗ ಹಟ ಹಿಡಿದಾಗ ಕೈಯಲ್ಲಿರುವ ಹಣಕ್ಕೆ ಸಿಗುವ ಹಳೆಯ ಮಾಡೆಲನ್ನೇ ಕೊಡಿಸೋಣ. ಅದಕ್ಕೆ ಸುರಕ್ಷತಾ ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳೋಣ.